ಶಿವಗಂಗಮ್ಮನ ಕೆಂಪು ಚಿಂದಿ

ಹಳೇಕೋಟೆಯ ಶಿವಗಂಗಮ್ಮ ಮಾಟ ಮಾಡುವ ಹೆಂಗಸು ಎಂದು ವರದರಾಜ ಮೇಷ್ಟ್ರು ಹನ್ನೊಂದು ವರ್ಷ ನಂಬಿದ್ದರು. ನಂಬಿದ್ದರು ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹೊಳೆನರಸೀಪುರದ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು ಅವರು. ಬಡಾವಣೆಯ ಹಿತರಕ್ಷಣಾ ಸಮಿತಿಗೆ ಅವಿರೋಧವಾಗಿ ಆಯ್ಕೆಯಾದ ಅಧ್ಯಕ್ಷರು ಬೇರೆ. ಅವತ್ತು ಸಭೆಗೆ ಬೇರೆ ಯಾರೂ ಬಂದಿರಲಿಲ್ಲ ಎಂಬುದು ಇಲ್ಲಿ ಮುಖ್ಯವಲ್ಲ. "ನಾನು ಯಾವುದನ್ನೂ ನಂಬೋನಲ್ಲ, ಗಮನಿಸೋನು" ಎಂದು ಅವರು ಎರಡು ಬೆರಳು ಎತ್ತಿ ಹೇಳುತ್ತಿದ್ದರು.

ಮೊದಲ ಸಲ ಗಮನಿಸಿದ್ದು ಪಕ್ಕದ ಮನೆಯ ನಿವೃತ್ತ ಸಬ್‌ರಿಜಿಸ್ಟ್ರಾರರ ಹಿತ್ತಲಿನಲ್ಲಿ. ಏಪ್ರಿಲ್ಲಿನ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಗೋಡೆಯಾಚೆ ಒಬ್ಬ ತೆಳ್ಳನೆಯ ಹೆಂಗಸು ಬರಿಗಾಲಲ್ಲಿ ಹುಣಸೆಮರವನ್ನು ಸುತ್ತುತ್ತಿದ್ದಳು. ಕಂಕುಳಲ್ಲಿ ಬಿಳಿ ಬಟ್ಟೆ ಸುತ್ತಿದ ಏನೋ ಒಂದು. ಕೂಸನ್ನು ಎತ್ತಿಕೊಂಡ ಹಾಗೇ ಎತ್ತಿಕೊಂಡಿದ್ದಾಳೆ, ಆದರೆ ಕೂಸಿಗೆ ಇರಬೇಕಾದ ಉದ್ದ ಅದಲ್ಲ. ಅವಳು ಮರದ ಕಾಂಡಕ್ಕೆ ಅಂಗೈ ಇಟ್ಟಳು, ಕಿವಿ ಇಟ್ಟಳು, ಏನೋ ಗೊಣಗಿದಳು. ಆಮೇಲೆ ಸೊಂಟದ ಚೀಲದಿಂದ ಒಂದೇ ಒಂದು ಹಸಿರು ಗಾಜಿನ ಬಳೆ ತೆಗೆದು, ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದೊಂದು ಕೊಂಬೆಗೂ ಹಿಡಿದು ಅದರೊಳಗಿಂದ ನೋಡಿದಳು. ಕೆಲವು ಕೊಂಬೆಗಳಿಗೆ ಕೆಂಪು ಚಿಂದಿ ಕಟ್ಟಿ ಹೊರಟುಹೋದಳು.

ಮಾರನೆಯ ದಿನ ಅದೇ ಹೊತ್ತಿಗೆ ಗೋಡೆಯಾಚೆಯಿಂದ ಸದ್ದು ಬಂತು. ಟಕ್. ತುಸು ತಡೆದು, ಟಕ್. ಮತ್ತೆ ತಡೆದು, ಟಕ್. ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ. ಕೊನೆಗೆ ಭಾರವಾದದ್ದೇನೋ ನೆಲಕ್ಕೆ ಬಿತ್ತು.

ಹದಿನೈದು ದಿನಕ್ಕೆ ಸಬ್‌ರಿಜಿಸ್ಟ್ರಾರರು ತೀರಿಕೊಂಡರು.

ಮೇಷ್ಟ್ರು ಒಂದು ಹಳೆಯ ಡೈರಿಯ ಹಿಂಭಾಗದಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದರು. ಮನೆ, ಚಿಂದಿ ಕಂಡ ದಿನ, ಸಾವು ಸಂಭವಿಸಿದ ದಿನ, ಷರಾ. ಹನ್ನೊಂದು ವರ್ಷದಲ್ಲಿ ಆರು ಮನೆಗಳು ಸೇರಿದವು. ಸತ್ತವರ ವಯಸ್ಸು ಎಂಬತ್ತೆಂಟು, ತೊಂಬತ್ತೊಂದು, ಎಂಬತ್ತನಾಲ್ಕು, ಹೀಗಿತ್ತು. ವಯಸ್ಸಿಗೆ ಮೇಷ್ಟ್ರು ಕಾಲಂ ಹಾಕಿರಲಿಲ್ಲ. ಒಂದು ಮನೆಯಲ್ಲಿ ಸತ್ತದ್ದು ಹಸು. ಅದನ್ನು ನಕ್ಷತ್ರದ ಗುರುತು ಹಾಕಿ ಸೇರಿಸಿಕೊಂಡಿದ್ದರು. ಅಂದಿನಿಂದ ಶಿವಗಂಗಮ್ಮ ಎದುರಿಗೆ ಬಂದರೆ ಅಧ್ಯಕ್ಷರು ರಸ್ತೆಯ ಇನ್ನೊಂದು ಬದಿಗೆ ದಾಟಿ, ಅಲ್ಲಿನ ಚರಂಡಿಯನ್ನು ಪರಿಶೀಲಿಸುತ್ತ ನಿಲ್ಲುತ್ತಿದ್ದರು.

ಮೇಷ್ಟ್ರ ಮನೆಯ ಹಿತ್ತಲಲ್ಲೂ ಒಂದು ಮರ ಇತ್ತು. ರಸಪುರಿ ಮಾವು, ಅವರ ತಂದೆ ನೆಟ್ಟದ್ದು. ಅದರ ಒಂದು ದೊಡ್ಡ ಕೊಂಬೆ, ಆಳಿನ ಸೊಂಟದಷ್ಟು ದಪ್ಪದ್ದು, ಹಿಂದುಗಡೆಯ ಶೀಟಿನ ಕೋಣೆಯ ಮೇಲೆ ಹಾದು, ಕಾಂಪೌಂಡು ದಾಟಿ, ತುದಿಯನ್ನು ಓಣಿಗೆ ಇಳಿಬಿಟ್ಟಿತ್ತು. ಹೋದ ವರ್ಷ ಕಾಯಿ ಕಿತ್ತ ಮೇಲೆ ಅದನ್ನು ಹಗುರ ಮಾಡಿಸಬೇಕು ಎಂದು ಮೇಷ್ಟ್ರು ಸಮಿತಿಯ ಮಟ್ಟದಲ್ಲೇ ತೀರ್ಮಾನಿಸಿದ್ದರು. ಅಷ್ಟರಲ್ಲಿ ಮಗಳು ಆರತಿ ಬಸುರಿ ಎಂದು ಚನ್ನರಾಯಪಟ್ಟಣದಿಂದ ಫೋನು ಬಂತು. ಅಲ್ಲಿನ ಕಾಲೇಜಿನಲ್ಲಿ ಅವಳಿಗೆ ಕೆಲಸ. ಗಂಡ ಆತ್ರೇಯನಿಗೆ ಅಲ್ಲೇ ಬ್ಯಾಂಕಿನಲ್ಲಿ.

ಫೋನು ಇಟ್ಟ ಮರುಕ್ಷಣ ಮೇಷ್ಟ್ರ ಹೆಂಡತಿ ಕನಕಲಕ್ಷ್ಮಿ ಆಜ್ಞೆ ಹೊರಡಿಸಿದರು. "ಇನ್ನು ಆ ಮರದ ಒಂದು ಕಡ್ಡೀನೂ ಯಾರೂ ಮುಟ್ಟಕೂಡದು. ಬಸುರಿ ಇರೋ ಮನೇಲಿ ಹಸಿ ಮರಕ್ಕೆ ಕತ್ತಿ ಹಾಕಿದ್ರೆ ಹೊಟ್ಟೇಲಿರೋದಕ್ಕೆ ಏಟು."

ಬಸುರಿ ಇರುವುದು ಚನ್ನರಾಯಪಟ್ಟಣದಲ್ಲಿ, ಮರ ಇರುವುದು ಹೊಳೆನರಸೀಪುರದಲ್ಲಿ, ಏಟು ಯಾವ ಬಸ್ಸು ಹಿಡಿದು ಹೋಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಕೇಳಬಹುದಿತ್ತು. ಕೇಳಲಿಲ್ಲ. ಇದರ ಹಿಂದೆ ವೈಜ್ಞಾನಿಕ ಕಾರಣ ಇದ್ದೇ ಇರುತ್ತದೆ, ಬಿಡುವಾದಾಗ ಕಂಡುಹಿಡಿದರಾಯಿತು ಎಂದುಕೊಂಡರು. ಒಂಬತ್ತು ತಿಂಗಳು ಬಿಡುವಾಗಲಿಲ್ಲ. ಕೊಂಬೆ ತನ್ನಷ್ಟಕ್ಕೆ ಬೆಳೆಯಿತು, ಹೂ ಬಿಟ್ಟಿತು, ಈ ವರ್ಷ ಎಂದೂ ಬಿಡದಷ್ಟು ಕಾಯಿ ಬಿಟ್ಟಿತು. ಮೇ ತಿಂಗಳಲ್ಲಿ ಆರತಿ ಹೆತ್ತಳು. ಹೆಣ್ಣು ಮಗು. ಬಾಣಂತಿಯನ್ನು ಹಿಂದಿನ ಶೀಟಿನ ಕೋಣೆಯಲ್ಲಿ ಮಲಗಿಸಿದರು. ಗಾಳಿಯಾಡದ ಕೋಣೆ, ಬಾಣಂತಿಗೆ ಒಳ್ಳೆಯದು. ಮಗುವಿನ ತಲೆ ಗುಂಡಗಾಗಲಿ ಎಂದು ಕನಕಲಕ್ಷ್ಮಿ ತಾವೇ ಹೊಲಿದ ಸಾಸಿವೆ ದಿಂಬನ್ನು ಇಟ್ಟರು.

ಸದ್ದು ಶುರುವಾದದ್ದು ಆರನೆಯ ದಿನ.

ಮಧ್ಯಾಹ್ನ ಮೂರು ಗಂಟೆ ಇರಬಹುದು. ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮಲಗಿದ್ದ ಮಗು ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ಶೀಟಿನ ಕಡೆ ನೋಡಿತು. ಅಳಲಿಲ್ಲ. ಸುಮ್ಮನೆ ನೋಡಿತು. ಆಮೇಲೆ ಮೇಲಿನಿಂದ, ಸ್ಪಷ್ಟವಾಗಿ, ಟಕ್.

ಅಷ್ಟೆ. ಆರತಿ ಕಾದಳು, ಇನ್ನೊಂದು ಬರಲಿಲ್ಲ.

ಮಾರನೆಯ ದಿನ ಅದೇ ಹೊತ್ತಿಗೆ ಮಗು ಮೊದಲು ಕಣ್ಣು ಬಿಟ್ಟಿತು. ಟಕ್. ಸಂಜೆಯ ಒಳಗೆ ಇನ್ನೊಂದು. ಕನಕಲಕ್ಷ್ಮಿ ಬಾಣಂತಿಯ ಖಾರದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತರು.

"ಏನೂಂದ್ರೆ, ಇದು ಅವಳ ಸದ್ದೇ ಅಲ್ವಾ? ಸಬ್‌ರಿಜಿಸ್ಟ್ರಾರ್ ಮನೇಲಿ ಕೇಳಿದ್ದು?"

"ಮರದ ಮೇಲೆ ಯಾರೂ ಇಲ್ಲ ಕಣೇ. ನಾನು ನೋಡ್ದೆ."

"ಯಾರೂ ಇಲ್ಲ ಅಂತ ನಂಗೂ ಗೊತ್ತು. ಅದಕ್ಕೇ ಕೇಳ್ತಿರೋದು."

ಎಂಟನೆಯ ದಿನ ಹನ್ನೊಂದು ಗಂಟೆಗೆ ಗೇಟಿನ ಚಿಲಕ ಬಡಿದ ಸದ್ದಾಯಿತು. ಮೇಷ್ಟ್ರು ಕಿಟಕಿಯ ಪರದೆಯನ್ನು ಒಂದು ಬೆರಳಷ್ಟು ಸರಿಸಿದರು. ಶಿವಗಂಗಮ್ಮ ನಿಂತಿದ್ದಳು. ಕಂಕುಳಲ್ಲಿ ಬಿಳಿ ಗಂಟು. ಅವಳು ಮನೆಯನ್ನು ನೋಡುತ್ತಿರಲಿಲ್ಲ. ಮನೆಯ ಮೇಲೆ, ಹಿಂದುಗಡೆಗೆ ನೋಡುತ್ತಿದ್ದಳು. ಮತ್ತೆ ಚಿಲಕ ಬಡಿದಳು. "ಸಾ, ಒಸಿ ಬತ್ತೀರಾ? ಮನೇಲಿ ಯಾರವ್ರೆ?" ಮೂವತ್ತೊಂದು ವರ್ಷ ತರಗತಿಗಳನ್ನು ನಡುಗಿಸಿದ ಮೇಷ್ಟ್ರು ಪರದೆ ಬಿಟ್ಟು, ಬೀರುವಿನ ಪಕ್ಕ ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆಯನ್ನು ಒಳಗೆ ಎಳೆದುಕೊಂಡು ನಿಂತರು. ಮೂರನೆಯ ಸಲ ಬಡಿದ ಮೇಲೆ ಸದ್ದು ನಿಂತಿತು.

ಸಂಜೆ ಕಸ ಹಾಕಲು ಹೋದ ಕನಕಲಕ್ಷ್ಮಿ ಕಿರುಚಿಕೊಂಡರು. ಓಣಿಗೆ ಇಳಿಬಿದ್ದ ಕೊಂಬೆಯ ತುದಿಯಲ್ಲಿ ಕೆಂಪು ಚಿಂದಿ ಇತ್ತು. ಗಾಳಿ ಇಲ್ಲದಿದ್ದರೂ ಅದು ಸಣ್ಣಗೆ ತಿರುಗುತ್ತಿತ್ತು.

ಮೇಷ್ಟ್ರು ಡೈರಿ ತೆಗೆದರು. ಏಳನೆಯ ಸಾಲು ಖಾಲಿ ಇತ್ತು. ಆ ಸಾಲಿನಲ್ಲಿ ಬರೆಯಬೇಕಾದ ಮನೆಯ ಹೆಸರು ಅವರದೇ. ಮನೆಯಲ್ಲಿ ಎಂಬತ್ತೆಂಟರವರು ಯಾರೂ ಇರಲಿಲ್ಲ. ಎಂಟು ದಿನದ್ದು ಒಂದು ಇತ್ತು. ಅವರು ಡೈರಿಯನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಕುಳಿತರು. ಗೇಟಿಗೆ ಬಂದಿದ್ದವಳ ವಿಷಯ ಹೆಂಡತಿಗೆ ಹೇಳಲಿಲ್ಲ.

ಚಿಂದಿಯನ್ನು ಬಿಚ್ಚೋಣ ಎಂದರೆ ಮುಟ್ಟುವವರು ಬೇಕಲ್ಲ. ಬೇರೆಯವರ ಕೈಲಿ ತೆಗೆಸೋಣ ಎಂದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಅಧ್ಯಕ್ಷ ಸ್ಥಾನದ ಘನತೆಯ ಪ್ರಶ್ನೆ. ರಾತ್ರಿಯೆಲ್ಲ ಯೋಚಿಸಿ ಮೇಷ್ಟ್ರು ಒಂದು ಉಪಾಯ ಕಂಡುಕೊಂಡರು: ಚಿಂದಿಯನ್ನು ಮುಟ್ಟುವುದೇ ಬೇಡ, ಚಿಂದಿ ಇರುವ ಕವಲನ್ನೇ ತುಂಡು ಮಾಡಿ ಓಣಿಗೆ ಬೀಳಿಸುವುದು. ಮಗು ಹುಟ್ಟಿಯಾಗಿತ್ತು, ಕತ್ತಿ ಹಾಕಲು ಕನಕಲಕ್ಷ್ಮಿಯವರ ಅಡ್ಡಿಯೂ ಇರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನಕ್ಕೆ ಹೋದರು.

ಹಾಸನದ ಚಂದ್ರಮೌಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇಲ್ಲದ ಸಾಮಾನಿಲ್ಲ. ಹಣೆಗೆ ಮೂರು ಬೆರಳು ವಿಭೂತಿ ಧರಿಸಿದ ಚಂದ್ರಮೌಳಿ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೇಳಿದ.

"ಎಷ್ಟು ದಪ್ಪ ಕೊಂಬೆ ಸಾರ್?"

"ದಪ್ಪ."

"ದಪ್ಪ ಅಂದ್ರೆ? ಬೆರಳಾ, ಮಣಿಕಟ್ಟಾ, ತೊಡೆಯಾ?"

"ನೋಡೀಪ್ಪಾ, ಸನ್ನೆಕೋಲಿನ ತತ್ವದ ಪ್ರಕಾರ..."

"ತತ್ವ ಇರ್ಲಿ ಸಾರ್. ಹಸೀದೋ, ಒಣಗಿದ್ದೋ?"

ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಹಿತ್ತಲಲ್ಲಿ ಅರವತ್ತು ವರ್ಷದಿಂದ ಇರುವ ಮರ. ಚಂದ್ರಮೌಳಿ ಎರಡು ಉದ್ದ ಹಿಡಿಯ ಕತ್ತರಿಗಳನ್ನು ಮೇಜಿನ ಮೇಲಿಟ್ಟ.

"ಇದು ಮಾಮೂಲಿ ಕತ್ತರಿ ಥರ, ಅಲಗು ಪಕ್ಕಕ್ಕೆ ಹಾಯ್ತದೆ. ಹಸಿ ಕೊಂಬೆ ಜಜ್ಜದಂಗೆ ಕತ್ತರಿಸ್ತದೆ. ಇದು ಅಡಕತ್ತರಿ ಥರ, ಮೇಲೆ ಅಲಗು, ಕೆಳಗೆ ಮಣೆ. ಒಣಗಿ ಗಟ್ಟಿಯಾಗಿರೋದಕ್ಕೆ. ಇದನ್ನೇ ರಾಚೆಟ್ ಲಾಪರ್ ಅಂತಾರೆ. ಒಳಗೆ ಹಲ್ಲಿನ ಚಕ್ರ ಐತೆ ನೋಡಿ. ಒತ್ತಿದ್ರೆ ಕಚ್ಕೊಂಡು ನಿಲ್ತದೆ. ಕೈ ಸಡಿಲ ಬಿಡಿ, ಮುಂದಿನ ಹಲ್ಲಿಗೆ ಹೋಗ್ತದೆ. ಮತ್ತೆ ಒತ್ತಿ. ನಾಕೈದು ಸಲಕ್ಕೆ ಮಣಿಕಟ್ಟು ದಪ್ಪದ್ದು ಮುಗೀತು. ಜಾಸ್ತಿ ಬಲ ಬೇಕಿಲ್ಲ."

ಒತ್ತಿ ತೋರಿಸಿದ. ಟಕ್.

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ಪೈಪುಗಳ ರಾಶಿಗೆ ತಗುಲಿಕೊಂಡರು.

"ಯಾಕ್ ಸಾರ್?"

"ಏನಿಲ್ಲ. ಈ... ಈ ಸದ್ದು ಎಲ್ಲಾದಕ್ಕೂ ಬರುತ್ತಾ?"

"ರಾಚೆಟ್ ಅಂದ್ಮೇಲೆ ಬತ್ತದೆ. ನಿಮ್ಮೂರ ಕಡೆಯ ಒಬ್ಬ ಹೆಂಗಸಿಗೆ ಹತ್ತು ಹನ್ನೆರಡು ವರ್ಷದ ಹಿಂದೆ ಇಂಥದ್ದೇ ಕೊಟ್ಟಿದ್ದೆ. ನನ್ನ ಸರ್ವೀಸಲ್ಲೇ ಅಂಥ ಗಿರಾಕಿ ನೋಡಿಲ್ಲ ಬಿಡಿ. ಮನೆಯಿಂದ ಚೀಲದ ತುಂಬ ಕಡ್ಡಿ ತಂದಿದ್ರು. ಹುಣಸೆ ಒಣಗಿದ್ದು, ಸಪೋಟ ಹಸೀದು, ಬೇವು, ಹಲಸು. ಅಂಗಡೀಲಿದ್ದ ಒಂದೊಂದು ಲಾಪರ್ ತಗಂಡು ಒಂದೊಂದು ಕಡ್ಡಿ ಕತ್ತರಿಸಿ, ತುಂಡನ್ನ ಬೆಳಕಿಗೆ ಹಿಡಿದು ನೋಡೋದು. ಎಡಗೈಲೇ. ಬಲಗೈ ಸೊಟ್ಟ. ಅರಕಲಗೂಡು ಕಡೆ ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಮನೇಲಿ ಸೊಪ್ಪು ಏರಿಸ್ತಾ ಮೇಲಿಂದ ಬಿದ್ದು ಮಣಿಕಟ್ಟು ಮುರಿದಿತ್ತಂತೆ. ಅಂಗಡಿ ತುಂಬ ಕಡ್ಡಿ! ಎರಡು ಗಂಟೆ ಆದ್ಮೇಲೆ ಒಂದನ್ನ ಆರಿಸಿ, ಮಗೂಗೆ ಸುತ್ತಿದಂಗೆ ಬಿಳಿ ಪಂಚೇಲಿ ಸುತ್ಕೊಂಡು..."

ಮೇಷ್ಟ್ರು ಮೇಜಿನ ಮೇಲಿದ್ದ ಲಾಪರನ್ನೇ ನೋಡಿದರು. ಹಾಗಾದರೆ ಆ ಬಿಳಿ ಗಂಟಿನೊಳಗೆ ಇರುವುದು ಇದೇ. ಈ ಮಾಹಿತಿಯಿಂದ ಒಬ್ಬ ವಿಜ್ಞಾನದ ಮೇಷ್ಟ್ರು ಬರಬಹುದಾದ ತೀರ್ಮಾನ ಒಂದು. ವರದರಾಜ ಮೇಷ್ಟ್ರು ಬಂದ ತೀರ್ಮಾನ ಇನ್ನೊಂದು.

"ಅವಳದ್ದಕ್ಕಿಂತ ದೊಡ್ಡದು ಇದೆಯಾ?"

"ಐತೆ ಸಾರ್, ಆದ್ರೆ ನಿಮ್ಮ ಕೈಗೆ ಭಾರ..."

"ಅದನ್ನೇ ಕೊಡಿ."

"ತಿರುಚಬಾರ್ದು ಸಾರ್, ಬಾಯಿಗೆ ಹಿಡಿಯದೇ ಇರೋದನ್ನ ತುರುಕಬಾರ್ದು" ಎಂದು ಚಂದ್ರಮೌಳಿ ಹೇಳುತ್ತಿದ್ದದ್ದು ಅವರ ಬೆನ್ನಿಗೆ ತಗುಲಿ ಕೆಳಗೆ ಬಿತ್ತು.

ಹತ್ತನೆಯ ದಿನ ಮಧ್ಯಾಹ್ನ ಮೇಷ್ಟ್ರು ಹಿತ್ತಲಿಗೆ ಏಣಿ ತಂದರು. ಅದನ್ನು ಎಲ್ಲಿಗೆ ಆನಿಸಿದರು ಎಂದರೆ, ಆ ಕೊಂಬೆಗೇ ಆನಿಸಿದರು. ಪಂಚೆ ಎತ್ತಿ ಕಟ್ಟಿ, ತಲೆಗೆ ಮಗಳ ಸ್ಕೂಟರಿನ ಹೆಲ್ಮೆಟ್ ಹಾಕಿ, ಹೊಸ ಲಾಪರನ್ನು ಹೆಗಲಿಗೇರಿಸಿ ಹತ್ತಿದರು. ಶೀಟಿನ ಕೋಣೆಯೊಳಗೆ ಆರತಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಎಲ್ಲೋ ಒಂದು ಕಾಗೆ ಕೂಗಲು ಶುರು ಮಾಡಿ ಅರ್ಧಕ್ಕೇ ಸುಮ್ಮನಾಯಿತು.

ಚಿಂದಿಯ ಕವಲು ಅವರ ತೋಳಿನಷ್ಟು ದಪ್ಪ ಇತ್ತು. ಲಾಪರಿನ ಬಾಯನ್ನು ಪೂರ್ತಿ ತೆರೆದು ಅದಕ್ಕೆ ತುರುಕಿ ಮೇಷ್ಟ್ರು ಒತ್ತಿದರು. ಟಕ್. ಅಲಗು ಕಚ್ಚಿತು. ಒತ್ತಿದರು. ಇನ್ನೂ ಒತ್ತಿದರು. ಕೈ ಸಡಿಲ ಬಿಡಬೇಕು ಎಂಬುದು ಅವರಿಗೆ ನೆನಪಾಗಲಿಲ್ಲ. ಬಿಟ್ಟುಕೊಡುವುದು ಅವರ ಸ್ವಭಾವದಲ್ಲೇ ಇರಲಿಲ್ಲ. ಹಿಡಿಯನ್ನು ಆ ಕಡೆ ಈ ಕಡೆ ತಿರುಚಿದರು. ಅಲಗು ಮರದೊಳಗೆ ಕೂತುಬಿಟ್ಟಿತು. ಈಗ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೇಷ್ಟ್ರು ಎರಡೂ ಕೈ ತೆಗೆದು ಬೆವರು ಒರೆಸಿಕೊಂಡರು. ಲಾಪರ್ ಕೊಂಬೆಗೆ ಬಾವಲಿಯ ಹಾಗೆ ಜೋತುಬಿದ್ದಿತ್ತು.

ಆಗ, ಅವರ ಕೈ ಎರಡೂ ಮುಖದ ಮೇಲಿದ್ದಾಗ, ಟಕ್.

ಲಾಪರ್ ಅಲ್ಲಾಡಿರಲಿಲ್ಲ. ಸದ್ದು ಬಂದದ್ದು ಅವರ ಎಡಗಡೆಯಿಂದ, ಕೊಂಬೆಯ ಬುಡದಿಂದ, ಮರದ ಒಳಗಿನಿಂದ. ಏಣಿಯ ಮೆಟ್ಟಿಲು ಅವರ ಪಾದದಡಿ ಒಂದು ನೂಲಿನಷ್ಟು ಕೆಳಗೆ ಇಳಿಯಿತು. ಕೆಳಗೆ ಕೋಣೆಯಲ್ಲಿ ಆರತಿಯ ದನಿ: "ಅಮ್ಮ, ಮಗು ಮತ್ತೆ ಮೇಲೆ ನೋಡ್ತಿದೆ."

"ಇಳೀರಿ ಸಾ."

ಓಣಿಯಲ್ಲಿ, ಬಿಸಿಲಿನಲ್ಲಿ, ಶಿವಗಂಗಮ್ಮ ನಿಂತಿದ್ದಳು. ದನಿ ಎತ್ತಿರಲಿಲ್ಲ.

"ಮಾತಾಡ್ಬ್ಯಾಡಿ. ಕೊಂಬೆ ಇಡ್ಕಬ್ಯಾಡಿ. ಎಂಗ್ ಅತ್ತುದ್ರೋ ಅಂಗೇ ಇಳೀರಿ."

ಮೇಷ್ಟ್ರು ಇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಮಾತು ಕೇಳಿದರು. ಮೊದಲ ಸಲ ಅವಳ ಎದುರು ನಿಂತು ಗೇಟು ತೆಗೆದರು. ಹತ್ತಿರದಿಂದ ನೋಡಿದರೆ ಅವಳಿಗೆ ಐವತ್ತೈದು ಇರಬಹುದು. ಬೋಳು ಹಣೆ, ಕೊರಳಲ್ಲಿ ಲಿಂಗದ ಕರಡಿಗೆ, ಸೊಟ್ಟ ಬಲಗೈ.

"ಆ ರೂಮ್ನಾಗೆ ಯಾರವ್ರೆ?"

"ಮಗಳು. ಕೂಸು."

ಅವಳ ಮುಖ ಬದಲಾಯಿತು. "ಎಬ್ಬಿಸ್ಕಂಡ್ ಬನ್ನಿ. ಈಗ್ಲೇ."

ಕೋಣೆಯ ಬಾಗಿಲಿಗೆ ಅಡ್ಡ ನಿಂತದ್ದು ಕನಕಲಕ್ಷ್ಮಿ. ಅವರ ಕೈಯಲ್ಲಿ ತಾಯಿತ ಇತ್ತು, ಕಣ್ಣಲ್ಲಿ ನೀರಿತ್ತು, ಸಂಪ್ರದಾಯದಲ್ಲಿ ಮಾತ್ರ ಒಂದಿಂಚೂ ಸಡಿಲ ಇರಲಿಲ್ಲ. "ನಾಳೆಗೆ ಪುರುಡು ಕಳೆಯುತ್ತೆ. ಅಲ್ಲೀತನಕ ಬಾಣಂತಿ ನಡುಮನೆ ತುಳಿಯೋ ಹಾಗಿಲ್ಲ. ದೇವರ ಮನೆ ಎದುರಿಗೇ ಹಾದು ಬರಬೇಕು. ಇವಳು ಹೇಳಿದ್ಲು ಅಂತ ಮೈಲಿಗೆ ಮಾಡ್ಕೊಳ್ಳೋದಾ? ಏನು ಮಾಡಿದಾಳೋ ಏನೋ ಆ ಕೊಂಬೆಗೆ!"

"ನಾನೇನ್ ಮಾಡಿಲ್ಲ ಕಣ್ರವ್ವ. ನೀವೂ ಏನೂ ಮಾಡಿಲ್ಲ. ಅದುಕ್ಕೇ ಇಂಗಾಗಿರಾದು."

"ಮೇಷ್ಟ್ರೇ, ನೀವಾದ್ರೂ ಹೇಳಿ!" ಎಂದರು ಕನಕಲಕ್ಷ್ಮಿ. ಗಂಡನನ್ನು ಅವರು ಮೇಷ್ಟ್ರೇ ಎನ್ನುವುದು ತೀರಾ ಕಷ್ಟಕ್ಕೆ ಸಿಕ್ಕಾಗ ಮಾತ್ರ. ಮೇಷ್ಟ್ರು ಹೆಲ್ಮೆಟ್ಟಿನೊಳಗಿನಿಂದ ಏನೋ ಹೇಳಲು ಬಾಯಿ ತೆರೆದರು. ಪುರುಡಿನ ವೈಜ್ಞಾನಿಕ ಕಾರಣವನ್ನೂ ಕೊಂಬೆಯ ಗುರುತ್ವಕೇಂದ್ರವನ್ನೂ ಒಟ್ಟಿಗೆ ತೂಗುತ್ತಿದ್ದರು ಎಂದು ಕಾಣುತ್ತದೆ.

ತೂಗಿ ಮುಗಿಯುವ ಮೊದಲೇ ಆರತಿ ಎದ್ದಳು. ಮಗುವನ್ನು ಎದೆಗೆ ಅವಚಿಕೊಂಡು, ತಾಯಿಯ ತೋಳಿನಡಿ ಬಗ್ಗಿ, ದೇವರ ಮನೆಯ ಎದುರಿಗೇ ಹಾದು, ಮುಂದಿನ ಹಜಾರದ ಸೋಫಾದ ಮೇಲೆ ಹೋಗಿ ಕೂತಳು. "ನಾಳೆ ಬೇಕಾದ್ರೆ ಇಡೀ ಮನೆ ತೊಳೀತೀನಮ್ಮ" ಎಂದಳು.

ಶಿವಗಂಗಮ್ಮ ತಾರಸಿಗೆ ಹೋದಳು. ಮೇಷ್ಟ್ರು ಹಿಂದೆ ಹೋದರು. ಅಲ್ಲಿಂದ ಕೊಂಬೆಯ ಪಕ್ಕದ ಕವಲುಗಳು ಕೈಗೆಟುಕುವಷ್ಟು ಹತ್ತಿರ, ಆದರೆ ಕೊಂಬೆ ಬಿದ್ದರೂ ತಾರಸಿಯ ಮೇಲೆ ಬೀಳದಷ್ಟು ದೂರ. ಅವಳು ಬಿಳಿ ಪಂಚೆ ಬಿಚ್ಚಿದಳು. ಒಳಗಿದ್ದ ಲಾಪರಿನ ಹಿಡಿಯ ರಬ್ಬರು ಎಡಗೈಯ ಆಕಾರಕ್ಕೆ ಸವೆದಿತ್ತು. ಹಿಡಿಯನ್ನು ಎಳೆದು ಉದ್ದ ಮಾಡಿಕೊಂಡಳು. ಆಮೇಲೆ ಚೀಲದಿಂದ ಹಸಿರು ಬಳೆ ತೆಗೆದು ಒಂದು ಕವಲಿಗೆ ಹಿಡಿದಳು.

ಮೇಷ್ಟ್ರು ಕೇಳಿಯೇ ಬಿಟ್ಟರು. "ಅದು... ಆ ಬಳೆ ಯಾತಕ್ಕೆ?"

"ಕವಲು ಬಳೆ ಒಳಗೆ ಅಡಗುದ್ರೆ ಲಾಪರ್‌ಗೆ ಬತ್ತದೆ. ಆಚಿಕ್ ಕಂಡ್ರೆ ಗರಗಸ." ಅವಳು ತಿರುಗಲಿಲ್ಲ. "ನೀವು ತುರುಕಿದ್ರಲ್ಲ, ಅದು ಎರಡು ಬಳೆದು."

ದೊಡ್ಡ ಕೊಂಬೆಯ ತಂಟೆಗೇ ಅವಳು ಹೋಗಲಿಲ್ಲ. ತುದಿಯಿಂದ ಶುರು ಮಾಡಿದಳು. ಕಾಯಿ ತುಂಬಿದ ಕವಲುಗಳನ್ನು ಒಂದೊಂದಾಗಿ, ಅವು ಹುಟ್ಟುವಲ್ಲಿ ಉಬ್ಬಿರುವ ಉಂಗುರವನ್ನು ಬಿಟ್ಟು, ಅದರ ಆಚೆಗೆ ಹಿಡಿದಳು. ಟಕ್. ಕೈ ಸಡಿಲ. ಟಕ್. ಕೈ ಸಡಿಲ. ಟಕ್. ಒಂದು ಕವಲು ಮಾವಿನಕಾಯಿಗಳ ಸಮೇತ ಓಣಿಗೆ ಬಿತ್ತು. ಮತ್ತೊಂದು. ಕೊಂಬೆಗೆ ಗೊತ್ತಾಗದ ಹಾಗೆ ಅದರ ಭಾರವನ್ನು ಕದಿಯುತ್ತಿದ್ದ ಹಾಗೆ ಕಾಣುತ್ತಿತ್ತು. ಒತ್ತುವುದಕ್ಕೆ ಎಷ್ಟು ಹೊತ್ತೋ ಬಿಡುವುದಕ್ಕೂ ಅಷ್ಟೇ ಹೊತ್ತು. ಆ ಬಿಡುವಿನಲ್ಲಿ ಅವಳು ಕತ್ತು ಓರೆ ಮಾಡಿ ಕೇಳುತ್ತಿದ್ದಳು.

ಹತ್ತೋ ಹನ್ನೊಂದೋ ಕವಲು ಬಿದ್ದಿರಬೇಕು. ಅವಳ ಕೈ ಸಡಿಲ ಇದ್ದಾಗ ಬುಡದಿಂದ ಸದ್ದು ಬಂತು. ಟಕ್. ಅವಳ ಲಾಪರಿಗೆ ಅದು ಉತ್ತರ ಕೊಟ್ಟ ಹಾಗಿತ್ತು. ಅವಳು ಲಾಪರನ್ನು ಕೆಳಗಿಟ್ಟಳು. ಮತ್ತೆ ಬಂತು, ಟಕ್, ಟಕ್, ಈಗ ಬೇಗಬೇಗ. ಶಿವಗಂಗಮ್ಮ ಸಣ್ಣ ದನಿಯಲ್ಲಿ ಏನೋ ಹೇಳತೊಡಗಿದಳು. ಹನ್ನೊಂದು ವರ್ಷದ ಹಿಂದೆ ಗೋಡೆಯಾಚೆ ಕೇಳಿದ ಅದೇ ಗೊಣಗು. ಈ ಸಲ ಮೇಷ್ಟ್ರು ಎರಡಡಿ ದೂರದಲ್ಲಿದ್ದರು, ಮಾತು ಕೇಳಿಸಿತು.

"ಕೆಳಗ್ ನಿಂತ್ಕಬ್ಯಾಡಿ. ಆಚಿಕ್ ಬನ್ನಿ. ಕೆಳಗ್ ನಿಂತ್ಕಬ್ಯಾಡಿ."

ಮೇಷ್ಟ್ರು ಕೆಳಗೆ ನೋಡಿದರು. ಹಿತ್ತಲಲ್ಲಿ ಯಾರೂ ಇರಲಿಲ್ಲ.

ಕೊಂಬೆ ಇಳಿಯಿತು. ಗಾಳಿಯಿಲ್ಲ, ಆತುರವಿಲ್ಲ, ಒಬ್ಬ ಮುದುಕ ಕೂರುವ ಹಾಗೆ ಮೊದಲು ಬಾಗಿ, ಆಮೇಲೆ ಒಮ್ಮೆಗೇ. ಶೀಟುಗಳು ಒಡೆದ ಸದ್ದು, ಏಣಿ ಮುರಿದ ಸದ್ದು, ಧೂಳು. ಧೂಳು ಅಡಗಿದ ಮೇಲೆ ತುಂಬ ಹೊತ್ತು ಒಂದು ಸಣ್ಣ ಸದ್ದು ಮಾತ್ರ ಉಳಿಯಿತು, ಏನೋ ಉರುಳಿ ಉರುಳಿ ಚೆದುರುವ ಸದ್ದು. ಮೇಷ್ಟ್ರು ಕೆಳಗೆ ಓಡಿ ಕೋಣೆಯ ಬಾಗಿಲು ತಳ್ಳಿದರು. ಹಗುರಾದ ಕೊಂಬೆ ಗೋಡೆಗಳ ಮೇಲೆ ನಿಂತುಬಿಟ್ಟಿತ್ತು; ಎರಡು ಶೀಟು ಮಾತ್ರ ಹೋಗಿತ್ತು. ಆದರೆ ಒಂದು ಮುರುಕು ಕವಲು ಈಟಿಯ ಹಾಗೆ ನೇರ ಇಳಿದು, ಹಾಸಿಗೆಯ ತಲೆಗಡೆ ನಾಟಿತ್ತು. ಸಾಸಿವೆ ದಿಂಬು ಒಡೆದಿತ್ತು. ಕರಿಯ ಕಾಳು ಕೋಣೆಯ ತುಂಬ ಇನ್ನೂ ಉರುಳುತ್ತಿತ್ತು.

ಕನಕಲಕ್ಷ್ಮಿ ಆ ಕಾಳನ್ನು ನೋಡಿದರು. ಹಜಾರದಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಅವರು ಅಡುಗೆಮನೆಗೆ ಹೋಗಿ ಕಾಫಿ ಮಾಡಿ, ಮನೆಯವರಿಗೆ ಕೊಡುವ ಲೋಟದಲ್ಲೇ ಶಿವಗಂಗಮ್ಮನಿಗೆ ತಂದುಕೊಟ್ಟರು.

ಅವಳು ಜಗುಲಿಯ ಮೇಲೆ ಕೂತು ಲಾಪರಿನ ಅಲಗಿಗೆ ಎಣ್ಣೆ ಬಟ್ಟೆ ಸವರುತ್ತಿದ್ದಳು. ಕೇಳಿದ್ದಕ್ಕೆ ಹೇಳಿದಳು. ಗಂಡ ರುದ್ರಯ್ಯ ಕಟ್ಟಾಯದವನು, ಮಚ್ಚಿನಲ್ಲಿ ಮರ ಸವರುತ್ತಿದ್ದ. ಹನ್ನೆರಡು ವರ್ಷದ ಹಿಂದೆ, ಇಂಥದ್ದೇ ಗಾಳಿಯಿಲ್ಲದ ಮಧ್ಯಾಹ್ನ, ಒಬ್ಬರ ತೋಟದ ಆಲದ ಕೆಳಗೆ ಊಟಕ್ಕೆ ಕೂತಿದ್ದ. ಅವಳು ಆಚೆ ಸೌದೆ ಮುರಿಯುತ್ತಿದ್ದಳು.

"ಟಕ್ ಅಂತು. ಮ್ಯಾಲೆ. ನಂಗೂ ಕೇಳುಸ್ತು, ಅವ್ರಿಗೂ ಕೇಳುಸ್ತು. ಅವ್ರು ನನ್ ಕಡಿಕೆ ತಿರುಗಿ ನೋಡುದ್ರು, ನಾನೇ ಸೌದೆ ಮುರೀತಾ ಇವ್ನಿ ಅಂತ. ನಾನು ಸುಮ್ಕೆ ನಿಂತಿದ್ದೆ ಸಾ. ನಾನಲ್ಲ ಅಂತ ಏಳಾಕೂ ಆಗ್ನಿಲ್ಲ."

ಅಂದಿನಿಂದ ಕಿವಿ ಅದಕ್ಕೇ ಕಾಯುತ್ತದೆ. ಬಲಗೈಗೆ ಮಚ್ಚು ಹಿಡಿಯುವ ಶಕ್ತಿ ಇರಲಿಲ್ಲ. ಹಲ್ಲಿನ ಚಕ್ರ ಇರುವ ಕತ್ತರಿಗೆ ಅಷ್ಟು ಶಕ್ತಿ ಬೇಡ. ಪಂಚೆ ಅವನದು. ಬಳೆ, ಅವನು ಹೋದ ದಿನ ಒಡೆಯುವಾಗ ಉಳಿದುಕೊಂಡ ಒಂದು. ಕೆಂಪು ಚಿಂದಿ, ಕತ್ತರಿಸಬೇಕಾದ ಕೊಂಬೆಯ ಗುರುತು.

"ಹಾಗಾದ್ರೆ ಆ ಸಾವುಗಳು?" ಮೇಷ್ಟ್ರು ತಡೆಯಲಾಗದೆ ಕೇಳಿದರು. "ಸಬ್‌ರಿಜಿಸ್ಟ್ರಾರು? ನೀನು ಚಿಂದಿ ಕಟ್ಟಿದ ಮನೇಲೆಲ್ಲಾ..."

ಶಿವಗಂಗಮ್ಮ ಲೋಟ ಕೆಳಗಿಟ್ಟು ಅವರನ್ನು ವಿಚಿತ್ರವಾಗಿ ನೋಡಿದಳು. "ನಿಮ್ಮೂರ್ನಾಗೆ ನನ್ನ ಯಾವಾಗ್ ಕರೀತಾರೆ ಏಳಿ? ಮರ ಕೆಟ್ಟೋದಾಗ ಒಬ್ರೂ ಕರೀಯಾಕಿಲ್ಲ. ಆಸ್ಪತ್ರೆಯೋರು ಮನೆಗೆ ಕರ್ಕಂಡೋಗಿ ಅಂದ್ಮ್ಯಾಲೆ ಕರೀತಾರೆ. ಇತ್ಲಲ್ಲಿ ಶಾಮಿಯಾನ ಆಕ್ಬೇಕಲ್ಲ, ಕೊಂಬೆ ಅಡ್ಡ ಬತ್ತದೆ. ಮುದುಕ್ರು ಒಳಗೆ ಉಸಿರಾಡ್ತಾ ಇರ್ತವೆ, ಸೊಸೇರು ನನ್ನತ್ರ ಪಿಸುಪಿಸು ಅಂತಾರೆ, ಸದ್ದು ಮಾಡ್ಬ್ಯಾಡ ಕಣವ್ವ ಅಂತ."

ಮೇಷ್ಟ್ರಿಗೆ ಡೈರಿಯ ಆರು ಸಾಲುಗಳೂ ಒಂದೊಂದಾಗಿ ಕಣ್ಣೆದುರು ಬಂದವು. "ಮತ್ತೆ ಹಸು?"

"ಹಸುವಿಂದು ನಂಗೊತ್ತಿಲ್ಲ."

ಅವಳು ಲಾಪರನ್ನು ಪಂಚೆಯಲ್ಲಿ ಸುತ್ತತೊಡಗಿದಳು, ಕೂಸಿಗೆ ಸುತ್ತುವ ಹಾಗೇ. ಮುಗಿಸಿ ಎದ್ದು ನಿಂತು ಕನಕಲಕ್ಷ್ಮಿಗೆ ಹೇಳಿದಳು: "ಮೊನ್ನೆ ಓಣ್ಯಾಗೆ ಓಗ್ತಾ ಸದ್ದು ಕೇಳುಸ್ತು ಕಣ್ರವ್ವ. ಮೂರ್ ಸಲಿ ಗೇಟ್ ಬಡ್ದೆ. ಪರದೆ ಅಲ್ಲಾಡ್ತು, ಯಾರೂ ಬರ್ನಿಲ್ಲ. ಯಾರಾನ ನೋಡ್ಲಿ ಅಂತ ಚಿಂದಿ ಕಟ್ಬುಟ್ಟೋದೆ. ನಿನ್ನೆ ಅರಕಲಗೂಡಲ್ಲಿ ಕೆಲ್ಸ, ಬರಾಕ್ ಆಗ್ನಿಲ್ಲ. ನಿದ್ದೆ ಬರ್ನಿಲ್ಲ ರಾತ್ರಿಯೆಲ್ಲ."

ಕನಕಲಕ್ಷ್ಮಿ ಗಂಡನ ಕಡೆ ತಿರುಗಿದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಅಷ್ಟು ನಿಧಾನವಾಗಿ ಎಂದೂ ತಿರುಗಿರಲಿಲ್ಲ.

ಮೇಷ್ಟ್ರು ಹೆಲ್ಮೆಟ್ ಇನ್ನೂ ತೆಗೆದಿರಲಿಲ್ಲ. ಎರಡು ಬೆರಳು ಎತ್ತಿದರು, ಇಳಿಸಿದರು. ಅಧ್ಯಕ್ಷರ ದನಿಯನ್ನು ಎಲ್ಲಿಂದಲೋ ಹುಡುಕಿ ತಂದುಕೊಂಡು, ಗೇಟಿನ ತನಕ ಅವಳ ಹಿಂದೆ ಹೋದರು.

"ಅಲ್ಲಮ್ಮ, ಒಂದು ಮಾತು. ಅವತ್ತು ನಾನು ಬಾಗಿಲು ತೆಗೆದಿದ್ದಿದ್ರೆ, ನೀನು ಏನು ಹೇಳ್ತಿದ್ದೆ?"

ಶಿವಗಂಗಮ್ಮ ಚಿಲಕ ತೆಗೆದು ಬೀದಿಗೆ ಇಳಿದಳು.

"ಕೊಂಬೆ ಬೀಳ್ತದೆ ಅಂತಿದ್ದೆ. ಇನ್ನೇನ್ ಏಳ್ಲಿ ಸಾ?"